ಡಾಕ್ಟರುಗಳ ಎರಡನೆಯ ಶಾಲೆ

ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆದರೂ ವೈದ್ಯರ ಕಲಿಕೆಯ ಬಗ್ಗೆ ಎರಡು ಮಾತು ಹೇಳಲು ಕಾರಣವಿದೆ.

ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ನನಗೆ ಹೊರವೂರಿನಲ್ಲಿ ಕೆಲಸವಾದ್ದರಿಂದ ಅವರು ನಾಟ್ರಾಂಪಾಳ್ಯದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದರು. ಕಾಲಿನ ಹುಣ್ಣು ಮಾಯದೆ ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಪ್ರತಿದಿನ ಬೆಳಿಗ್ಗೆ ಪ್ರೊಫೆಸರರ ಹಿಂದೆ ವಿದ್ಯಾರ್ಥಿಗಳ ಗುಂಪು ಬಂದು ಮಂಚದ ಸುತ್ತ ನಿಲ್ಲುತ್ತಿತ್ತು. ಹುಣ್ಣು ವಾಸಿಯಾಯಿತು. ಆ ಉಪಕಾರವನ್ನು ಮರೆಯಲಾರೆ. ಮನೆಗೆ ಕಳಿಸುವಾಗ ಇನ್ಸುಲಿನ್ ಬರೆದುಕೊಟ್ಟು, "ಫ್ರಿಜ್ಜಿನಲ್ಲಿಡಿ" ಎಂದರು. ಮನೆಯಲ್ಲಿ ಫ್ರಿಜ್ಜು ಇದೆಯೇ ಎಂದು ಯಾರೂ ಕೇಳಲಿಲ್ಲ. ನಾಚಿಕೆಯಿಂದ ನಾವೂ ಹೇಳಲಿಲ್ಲ.

ತಗಡಿನ ಸೂರಿನ ಕೆಳಗೆ, ಬೇಸಿಗೆಯ ಬಿಸಿಲಿಗೆ ಔಷಧ ಕೆಟ್ಟಿತು. ದಿನವೂ ಚುಚ್ಚಿಕೊಂಡರೂ ಸಕ್ಕರೆ ಏರಿತು. ಕೊನೆಗೆ ಮನೆಗೇ ಬಂದು ನೋಡಿದವರು ಆರೋಗ್ಯ ಕೇಂದ್ರದ ಯುವ ಡಾಕ್ಟರು. ಅವರು ಕೇಳಿದ್ದು ತಮಿಳಿನಲ್ಲಿ, ತಾಯಿ ಉತ್ತರಿಸಿದ್ದು ಕನ್ನಡದಲ್ಲಿ. ಆದರೂ ಬಾಟಲಿ ಎಲ್ಲಿಡುತ್ತೀರಿ, ಮುದ್ದೆ ಎಷ್ಟು ದೊಡ್ಡದು, ಎಲ್ಲವನ್ನೂ ಕೇಳಿ ತಿಳಿದರು. ಮಡಕೆಯೊಳಗೆ ಕುಡಿಕೆ ಇಟ್ಟು, ನಡುವೆ ಮರಳು ತುಂಬಿ, ನೀರು ಚಿಮುಕಿಸಿ, ಕುಡಿಕೆಯಲ್ಲಿ ಹೊಸ ಬಾಟಲಿ ಇಡಲು ಹೇಳಿಕೊಟ್ಟರು. ತಾಯಿ ಕೊನೆಯವರೆಗೂ ತಮ್ಮ ಎರಡು ಕಾಲಿನ ಮೇಲೆಯೇ ನಡೆದರು.

ದೊಡ್ಡ ಆಸ್ಪತ್ರೆ ಬೇಡವೆಂದು ಇದರ ಅರ್ಥವಲ್ಲ. ಶಸ್ತ್ರಕ್ರಿಯೆ, ಅಪರೂಪದ ರೋಗ, ಸೂಕ್ಷ್ಮ ಪರೀಕ್ಷೆಗಳನ್ನು ಕಲಿಯುವುದು ಅಲ್ಲಿಯೇ. ಆದರೆ ಅಲ್ಲಿ ರೋಗಿ ತನ್ನ ಮನೆಯನ್ನು ಬಿಟ್ಟು ಬಂದಿರುತ್ತಾನೆ. ನಮ್ಮ ಬ್ಯಾಂಕಿನಲ್ಲೂ ಹಾಗೆಯೇ. ಲೆಡ್ಜರು ಬರೆಯುವುದನ್ನು ತರಬೇತಿಯಲ್ಲಿ ಕಲಿತೆ. ಹೆಬ್ಬೆಟ್ಟು ಒತ್ತುವ ರೈತನ ಕಷ್ಟವನ್ನು ಹಳ್ಳಿಯ ಶಾಖೆಯಲ್ಲೇ ಕಲಿತೆ.

ಇದು ಹೊಸ ಮಾತೇನಲ್ಲ. ವೈದ್ಯ ವಿದ್ಯಾರ್ಥಿಗಳಿಗೆ ರೋಗ ತಡೆಯುವ ವಿದ್ಯೆ ಮತ್ತು ಸಮಾಜದ ಪರಿಚಯ ಬೇಕೆಂದು 1946ರಲ್ಲೇ ಭೋರ್ ಸಮಿತಿ ಹೇಳಿತ್ತು. ಆಗಿನ ಕೋಲಾರ ಜಿಲ್ಲೆಯ ಮಳ್ಳೂರಿನಲ್ಲಿ 1973ರಲ್ಲಿ ಹಾಲು ಸಹಕಾರ ಸಂಘದ ಜೊತೆ ಸೇರಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರೋಗ್ಯ ಸಹಕಾರವನ್ನು ಆರಂಭಿಸಿತು. ಹಾಲಿನ ಕಾಸಿನಲ್ಲಿ ಊರಿಗೆ ವೈದ್ಯ, ಎಳೆಯ ವೈದ್ಯರಿಗೆ ಊರೇ ಪಾಠ!

ನಮ್ಮ ಕೃಷ್ಣಗಿರಿಯ ಸರಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಕಲಿಯಬೇಕೆಂಬ ನಿಯಮ ಈಗ ದೇಶದಲ್ಲೆಲ್ಲ ಇದೆ.

ಅಂಥ ಮಕ್ಕಳು ನಿಮ್ಮ ಬಾಗಿಲಿಗೆ ಬಂದರೆ ಜಗಲಿಯಲ್ಲಿ ಕೂರಿಸಿ ಮಾತನಾಡಿ. ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ನಾವು ಅಂದು ಹೇಳದೆ ಕೆಟ್ಟೆವು. ಅವರ ಎರಡನೆಯ ಶಾಲೆ ನಮ್ಮ ಮನೆ. ಅಲ್ಲಿ ಮೇಷ್ಟ್ರು ನಾವೇ.