ಸಂಡೂರಿನ ಗುಡ್ಡದಲ್ಲಿ ಕಡಲ ತಳ



ಬಳ್ಳಾರಿ ಜಿಲ್ಲೆಯ ಸಿರಿಗೇರಿಯ ಎರೆಹೊಲದ ಬದುವಿನಲ್ಲಿ ನಿಂತವರಿಗೆ ಕಡಲು ದೂರದ ಮಾತು. ಪಡುವಣಕ್ಕೆ ಕಾರವಾರ, ಮೂಡಣಕ್ಕೆ ಒಂಗೋಲು. ನೆಟ್ಟಗೆ ಗೆರೆ ಎಳೆದರೂ ಎರಡೂ ಕಡೆ 300 ಕಿಲೋಮೀಟರಿನ ಆಸುಪಾಸು. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ತುಂಗಭದ್ರೆಯ ಕಾಲುವೆ, ಅದೂ ಬಿಟ್ಟಾಗ.

ಕಡಲಡಿ ಮುಳುಗಿದ ನಾಡುಗಳ ಸುದ್ದಿ ಆಗಾಗ ಬರುತ್ತದೆ. ಮಾರಿಷಸ್ ದ್ವೀಪದ ವಯಸ್ಸು ಸುಮಾರು 90 ಲಕ್ಷ ವರ್ಷ. ಅಲ್ಲಿನ ತೀರದ ಮರಳಲ್ಲಿ ಸಿಕ್ಕ ಝಿರ್ಕಾನ್ ಹರಳುಗಳು ಅದಕ್ಕಿಂತ ಕೋಟಿಗಟ್ಟಲೆ ವರ್ಷ ಹಳೆಯವೆಂದು 2013ರಲ್ಲಿ ವಿಜ್ಞಾನಿಗಳು ತಿಳಿಸಿದರು. ಕೂಸಿನ ತೊಟ್ಟಿಲಲ್ಲಿ ಮುತ್ತಜ್ಜನ ಹಲ್ಲು ಸಿಕ್ಕಂತೆ! ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವಾಗ ನಡುವೆ ಹರಿದು ಮುಳುಗಿದ ನೆಲದ ಚೂರೊಂದು ಆ ದ್ವೀಪದಡಿ ಇದೆಯೆಂದು ಅವರ ಎಣಿಕೆ. ಅದಕ್ಕಿಟ್ಟ ಹೆಸರು ಮಾರಿಷಿಯಾ.

ನಮ್ಮ ಜಿಲ್ಲೆಯದು ಇದರ ತಿರುವುಮುರುವು. ಇಲ್ಲಿ ಕಡಲ ತಳವೇ ಗುಡ್ಡವಾಗಿ ಕೂತಿದೆ.

ಬಳ್ಳಾರಿ ದಾಟಿ ಸಂಡೂರಿನತ್ತ ಹೋಗಿ. ತೆಕ್ಕಲಕೋಟೆ, ಕುರುಗೋಡಿನ ಬೋಳುಬಂಡೆಗಳು ಹಿಂದಾಗಿ ಕೆಂಪು ಮಣ್ಣಿನ ಸಾಲುಗುಡ್ಡ ಎದುರಾಗುತ್ತದೆ. ಆ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ. ಇಂಥ ಶಿಲೆಗಳದು ಬೇರೆಯೇ ಬಳಗವೆಂದು ಕಂಡು, 1880ರ ದಶಕದಲ್ಲಿ ಅದಕ್ಕೆ ‘ಧಾರವಾಡ’ ಎಂದು ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಆದಿಮಾನವನ ಕಲ್ಲುಗೊಡಲಿ ಹೆಕ್ಕಿದ ಅದೇ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಅವರ ಗ್ರಂಥ ಬಂದದ್ದು 1895ರಲ್ಲಿ. ಕಲ್ಲಿನ ವಯಸ್ಸು ಅಳೆಯುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ. ಯಾವ ಪದರ ಯಾವುದರ ಮೇಲೆ ಕೂತಿದೆ ಎಂದು ನೋಡಿಯೇ ಹಿರಿಯ ಕಿರಿಯರನ್ನು ಗೊತ್ತುಮಾಡಬೇಕಿತ್ತು.

ಕಡಲಿತ್ತು ಎನ್ನಲು ಸಾಕ್ಷಿ? ಮೊದಲನೆಯದು ದಿಂಬಿನಾಕಾರದ ಲಾವಾ. ಬಾಣಲೆಗೆ ಬಿಟ್ಟ ಬೋಂಡಾ ಹಿಟ್ಟನ್ನು ನೆನೆಯಿರಿ: ಹೊರಮೈ ತಟ್ಟನೆ ಗಟ್ಟಿ, ಒಳಗಿನ್ನೂ ಮೆತ್ತಗೆ. ನೀರೊಳಗೆ ಉಕ್ಕಿದ ಲಾವಾದ್ದೂ ಅದೇ ಪಾಡು, ಬಿಸಿಯ ಬದಲು ತಂಪು ತಾಗಿ. ಒಳಗಿನ ಲಾವಾ ಸಿಪ್ಪೆ ಸೀಳಿ ಹೊರಬಂದು ಮತ್ತೊಂದು ಉಂಡೆಯಾಗುತ್ತದೆ. ಇದರ ಗುರುತು ಸಂಡೂರಿನಲ್ಲೂ ಇದೆ. ಕಣ್ತುಂಬ ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇನ್ನೊಂದು ಸಾಕ್ಷಿ ಸಂಡೂರಿನ ಕಬ್ಬಿಣದ ಅದಿರೇ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ಉಪ್ಪಿನಂತೆ ಕಡಲನೀರಲ್ಲಿ ಕರಗಿಕೊಂಡಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲುಂಡು ಆಮ್ಲಜನಕ ಬಿಟ್ಟವು, ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಒಂದು ಪದರ ತುಕ್ಕು, ಒಂದು ಪದರ ಸಿಲಿಕ, ಮತ್ತೆ ತುಕ್ಕು. ಇಳಕಲ್ ಸೀರೆಯ ಗೆರೆಯಂಚಿನ ಹಾಗೆ. ಅಂಥ ಜೀವಿಗಳ ಹಾಸು ಕಲ್ಲಾಗಿ ಉಳಿದದ್ದೂ ಸಂಡೂರಿನಲ್ಲಿ ಸಿಕ್ಕಿದೆ. ಮುಂದೆ ನೆಲದೊಳಗಿನ ಒತ್ತಡ ಆ ತಳವನ್ನು ಮಡಚಿ ಎತ್ತಿತು. ಮಳೆನೀರು ಸಿಲಿಕವನ್ನು ತೊಳೆದುಕೊಂಡು ಹೋಯಿತು. ಉಳಿದದ್ದು ಗಟ್ಟಿ ಅದಿರು.

2000ದ ಈಚೆಗೆ ಚೀನಾದ ಬೇಡಿಕೆ ಏರಿದಾಗ ಈ ಗುಡ್ಡಗಳು ಲಾರಿ ಹತ್ತಿದವು. ಆ ದಿನಗಳಲ್ಲಿ ಸಂಡೂರಿನ ದಾರಿಯಲ್ಲಿ ಹೋದವರಿಗೆ ಕೆಂಪಾದ ಬೇವಿನೆಲೆಯ ನೆನಪಿದ್ದೀತು. ಅಕ್ರಮ ಗಣಿಗಾರಿಕೆಯ ದೂರು ಹೆಚ್ಚಿ, 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಅಷ್ಟರಲ್ಲಿ, ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರಿನ ರಾಶಿಯ ಬಹುಪಾಲೂ ಹಡಗೇರಿ ಕಡಲು ಸೇರಿಯಾಗಿತ್ತು.