ಕಾಕಾನ ಕೊನೇ ಟ್ರಿಪ್ಪು, ನನ್ನ ಎಂಟು ಮಸುಕು ಫೋಟೊ

ಇವತ್ತಿನ ಮಾತು ಓಡೋ ಗಾಡಿಯ ಫೋಟೊ ಬಗ್ಗೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ನಮ್ಮ ಕಾಕಾ ಬಸ್ ಡ್ರೈವರ್. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ಮೇಲೆ ವಿಜಯಪುರಕ್ಕೆ ವರ್ಷಗಟ್ಟಲೆ ಗಾಡಿ ಓಡಿಸಿದವರು. ರಿಟೈರ್ ಆಗೋ ದಿನ, "ತಮ್ಮಾ, ನಾ ಸ್ಟೇರಿಂಗ್ ಹಿಡಿದು ಹೊಂಟಿದ್ದು ಒಂದು ಫೋಟೊ ತಗಿ, ಸಾಕು" ಅಂದ್ರು. ಸಂಜೆ ಬಾಗೇವಾಡಿ ಹೊರಗೆ ರಸ್ತೆ ಬದಿ ನಿಂತೆ. ಬಸ್ ಬಂತು, ಕಾಕಾ ಕೈ ಎತ್ತಿದ್ರು, ಎಂಟು ಫೋಟೊ ಹೊಡೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದ್ರೆ ಎಂಟೂ ಮಸುಕು.

ಕ್ಯಾಮೆರಾಕ್ಕೆ ಬೈದೆ. ಹೊಸ ಲೆನ್ಸಿನ ರೇಟೂ ನೋಡಿದೆ. ಆದ್ರೆ ನಾನು ಬಿ.ಕಾಂ ಓದಿದವ. ಲೆಕ್ಕ ತಾಳೆ ಆಗದಿದ್ರೆ ಹೊಸ ಪುಸ್ತಕ ಕೊಳ್ಳೋದಿಲ್ಲ, ತಪ್ಪು ಯಾವ ಸಾಲಿನಾಗ ಐತಿ ಅಂತ ಹುಡುಕ್ತೀವಿ. ಹಂಗೇ ಫೋಟೊ ಒಂದೊಂದೇ ನೋಡ್ತಾ ಹೋದೆ. ಅವಾಗ ಗೊತ್ತಾತು: ಮಸುಕು ಅನ್ನೋದು ಒಂದೇ ರೋಗ ಅಲ್ಲ.

ಮೊದಲ ಐದು ಫೋಟೊದಾಗ ಬಸ್ ಎದುರಿಗೆ ಬರ್ತಿತ್ತು. ಬಸ್ಸಿನ ಹಿಂದಿನ ರಸ್ತೆಯ ಕಲ್ಲು ಕಲ್ಲೂ ಸ್ಪಷ್ಟ, ಕಾಕಾನ ಮುಖ ಮಾತ್ರ ಮೆತ್ತಗೆ. ಇದು ಫೋಕಸ್ ತಪ್ಪಿದ್ದು. ನನ್ನ ಕ್ಯಾಮೆರಾ ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲಿಸೋ ಮೋಡ್‌ನಲ್ಲಿತ್ತು. ಬಸ್ ಮುಂದೆ ಬಂತು, ಫೋಕಸ್ ಹಿಂದೇ ಉಳೀತು. ಓಡೋ ಗಾಡಿಗೆ ಬೇಕಾಗಿದ್ದು ಬಿಡದೆ ಹಿಂಬಾಲಿಸೋ ಫೋಕಸ್. ನಿಕಾನ್, ಸೋನಿಯಲ್ಲಿ ಅದಕ್ಕೆ ಎಎಫ್-ಸಿ ಅಂತಾರೆ, ಕ್ಯಾನನ್‌ನಲ್ಲಿ ಸರ್ವೊ. ಗಾಡಿ ದೂರ ಇದ್ದಾಗಲೇ ಶಟರ್ ಬಟನ್ ಅರ್ಧ ಒತ್ತಿ, ಫೋಕಸ್ ಚೌಕ ಗಾಡಿಯ ಮುಖದ ಮೇಲೇ ಇಟ್ಟು ಹಿಂಬಾಲಿಸ್ರಿ. ಹತ್ತಿರ ಬಂದಾಗ ಪೂರ್ತಿ ಒತ್ತಿ, ಸಾಲಾಗಿ ನಾಲ್ಕೈದು ಹೊಡೀರಿ.

ಉಳಿದ ಮೂರರಾಗ ಬಸ್ ನನ್ನ ಪಕ್ಕ ದಾಟಿ ಹೋಗ್ತಿತ್ತು. ಹಿಂದಿನ ಬೇವಿನ ಗಿಡ ಸ್ಪಷ್ಟ, ಬಸ್ ಮಾತ್ರ ಗೆರೆ ಎಳೆದಂಗ. ಇದು ಶಟರ್ ನಿಧಾನ ಆಗಿದ್ದು. ಲೆಕ್ಕ ಹಾಕ್ರಿ: ಗಂಟೆಗೆ 60 ಕಿ.ಮೀ. ಓಡೋ ಬಸ್ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತದ. ನನ್ನ ಶಟರ್ 1/125 ಇತ್ತು. ಅದು ತೆರೆದು ಮುಚ್ಚೋದ್ರಾಗ ಬಸ್ 13 ಸೆಂ.ಮೀ. ಸರಿದಿತ್ತು! 1/1000 ಇಟ್ಟಿದ್ರೆ 2 ಸೆಂ.ಮೀ.ಗಿಂತ ಕಡಿಮೆ.

ಸಂಜೆ ಬೆಳಕಿಗೆ 1/1000 ಇಟ್ರೆ ಫೋಟೊ ಕಪ್ಪಾಗ್ತದಲ್ಲ ಅಂತೀರಿ. ಹೌದು, ಐಎಸ್‌ಒ ಏರಿಸಬೇಕು. ಕಾಳು ಕಾಳು ಬರ್ತಾವ, ಬರ್ಲಿ. ಕಾಳನ್ನ ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಕ್ಕಮಟ್ಟಿಗೆ ಕಡಿಮೆ ಮಾಡಬಹುದು. ಗೆರೆ ಎಳೆದ ಮುಖ ಸರಿ ಮಾಡೋದು ಬಹಳ ಕಷ್ಟ.

ಇನ್ನೊಂದು ರೋಗ ನಮ್ಮ ಕಡೆ ಬಿಸಿಲಿಂದು. ಏಪ್ರಿಲ್ ಮಧ್ಯಾಹ್ನ ಸಿಂದಗಿ ಹೆದ್ದಾರಿಯಲ್ಲಿ ದೂರದ ಲಾರಿಗೆ ಜೂಮ್ ಮಾಡಿದ್ರೆ, ಕಾದ ಡಾಂಬರಿನ ಮೇಲೆ ಗಾಳಿ ನೀರಿನಂಗ ನಡುಗ್ತದ. ಅಲ್ಲಿ ಯಾವ ಸೆಟ್ಟಿಂಗೂ ನಡೆಯಲ್ಲ. ಬೆಳಿಗ್ಗೆ ಹೋಗ್ರಿ, ಇಲ್ಲಾಂದ್ರೆ ಗಾಡಿ ಹತ್ತಿರ ಬರೋವರೆಗೂ ಕಾಯ್ರಿ.

ಪ್ರಾಕ್ಟೀಸಿಗೆ ಇಂಡಿ ಕಡೆ ಕಬ್ಬಿನ ಟ್ರ್ಯಾಕ್ಟರಿಗಿಂತ ಒಳ್ಳೇ ಮಾಸ್ತರಿಲ್ಲ. ಎರಡು ಟ್ರೇಲರ್ ಎಳ್ಕೊಂಡು ನಿಧಾನ ಬರ್ತದ, 1/250 ಸಾಕು. ಕೈ ಕುದುರಿದ ಮೇಲೆ 1/60ಕ್ಕೆ ಇಳಿಸಿ, ಗಾಡಿ ಜೊತೆ ಸೊಂಟದಿಂದ ತಿರುಗ್ತಾ ಹೊಡೀರಿ. ಗಾಡಿ ಸ್ಪಷ್ಟ, ಗಾಲಿ ತಿರುಗ್ತಾವ, ಹಿಂದಿನ ಹೊಲ ಹರಿದು ಹೋಗ್ತದ. ರಸ್ತೆ ಮೇಲೆ ಮಾತ್ರ ನಿಲ್ಲಬ್ಯಾಡ್ರಿ, ಬದಿಯ ಹೊಲದಾಗ ನಿಲ್ರಿ. ಮೊಬೈಲಿನಲ್ಲೂ ಪ್ರೊ ಮೋಡ್ ಇದ್ರೆ ಶಟರಿನ ಇದೇ ಲೆಕ್ಕ.

ಅವತ್ತು ಕಾಕಾನ ಬಸ್ಸಿಗಿಂತ ಮೊದಲು ಅದೇ ರಸ್ತೆಯಲ್ಲಿ ಇನ್ನೊಂದು ಬಸ್ ಹೋಗಿತ್ತು. ನಾನು ಮೊಬೈಲ್ ನೋಡ್ತಾ ನಿಂತಿದ್ದೆ. ಅದರ ಒಂದು ಫೋಟೊ ಹೊಡೆದು, ದೊಡ್ಡದು ಮಾಡಿ ನೋಡಿದ್ರೆ ಎರಡೂ ತಪ್ಪು ಅಲ್ಲೇ ಸಿಗ್ತಿದ್ವು.

ಕಾಕಾ ಏನೂ ಅನ್ನಲಿಲ್ಲ. ಎಂಟರಾಗ ಒಂದನ್ನ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚ್ಯಾರ. ಮನೆಗೆ ಬಂದವರಿಗೆ "ಇದು ನಾನೇ" ಅಂತ ಬೆರಳಿಟ್ಟು ತೋರಿಸ್ಬೇಕಾಗ್ತದ. ನಿಮ್ಮನ್ಯಾಗೂ ಯಾರದಾದ್ರೂ ಕೊನೇ ಟ್ರಿಪ್ ಇದ್ರೆ, ಅದಕ್ಕಿಂತ ಮುಂಚಿನ ಗಾಡಿ ಮೇಲೆ ಒಮ್ಮೆ ಕೈ ನೋಡ್ಕೋರಿ. ಮತ್ತ ಸಿಗೋಣ್ರಿ.