ಸೊನ್ನೆಯ ಪಾಲು ಎಷ್ಟು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಿಡದಿಯ ಸುದ್ದಿ ನೀವೆಲ್ಲ ಓದಿದ್ದೀರಿ. ಬೆಂಗಳೂರು ಸಾಕಾಗದೆ ಅದರ ಪಕ್ಕದಲ್ಲೇ ಇನ್ನೊಂದು ನಗರ ಕಟ್ತಾರಂತೆ. ಇದು ಹೊಸ ಮಾತಲ್ಲ. 2006ರಲ್ಲಿ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ ರಾಜಧಾನಿಯ ಸುತ್ತ ಐದು ಉಪನಗರ ಅಂದರು: ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ. ಬಿಡದಿಗೆ ಬಂದ ಖಾಸಗಿ ಕಂಪನಿ ಹಿಂದಕ್ಕೆ ಹೋಯಿತು, ನಕ್ಷೆ ಬೀರು ಸೇರಿತು. 2025ರಲ್ಲಿ ಅದೇ ನಕ್ಷೆಯ ಧೂಳು ಕೊಡವಿ 'ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್' ಅಂತ ಹೆಸರಿಟ್ಟರು. ಬೈರಮಂಗಲ, ಕಂಚುಗಾರನಹಳ್ಳಿ ಸೇರಿ ಒಂಬತ್ತು ಹಳ್ಳಿ, ಏಳು ಸಾವಿರ ಎಕರೆಗೂ ಮೇಲೆ. ಕೃತಕ ಬುದ್ಧಿಮತ್ತೆಯ ನಗರ ಅಂತ ಪ್ರಚಾರ ಬೇರೆ.

ಬೈರಮಂಗಲದ ಕೆರೆ ನಿಮಗೆ ಗೊತ್ತಿರಬೇಕು. ಬೆಂಗಳೂರಿನ ಕೊಚ್ಚೆಯನ್ನೆಲ್ಲ ಹೊತ್ತು ವೃಷಭಾವತಿ ದಶಕಗಳಿಂದ ಬಂದು ಬೀಳುವುದು ಅಲ್ಲಿಗೇ. ಮೊದಲು ನಗರ ತನ್ನ ಹೊಲಸು ಕಳಿಸಿತು. ಈಗ ತಾನೇ ಬರ್ತಾ ಇದೆ.

ರೈತರು ಬೈರಮಂಗಲದಲ್ಲಿ ಧರಣಿ ಕೂತರು. ರೇಷ್ಮೆ, ತೆಂಗು, ಹೈನು ನಂಬಿ ಬದುಕಿದವರು, ಭೂಮಿ ಬಿಡಲ್ಲ ಅಂದರು. ಅದು ನ್ಯಾಯವೇ. ಆದರೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಭೂಮಿ ಉಳಿದರೆ ರೈತನಿಗೆ ಉಳಿಯುತ್ತೆ, ಹೋದರೆ ಪರಿಹಾರ ರೈತನಿಗೆ ಬರುತ್ತೆ. ಆ ರೈತನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವಳಿಗೆ ಏನು?

ಹಳ್ಳಿ ಹಾಳಾಯ್ತು ಅಂತ ಅಳುವವರ ಜೊತೆ ಕೂತು ನಾವು ಅಳೋದಿಲ್ಲ. ಹಳ್ಳಿ ನಮಗೆ ಏನು ಕೊಟ್ಟಿತು ಅನ್ನೋದನ್ನ 1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ನಗರ ನಮಗೆ ಶತ್ರುವಲ್ಲ. ಹೋಟೆಲಿನ ಲೋಟ, ಬಸ್ಸಿನ ಸೀಟು, ಈ ಹಾಸ್ಟೆಲಿನ ಹಾಸಿಗೆ, ಇವೆಲ್ಲ ಪೇಟೆಯಲ್ಲೇ ನಮಗೆ ಮೊದಲು ಸಿಕ್ಕಿದ್ದು. ಆದ್ದರಿಂದ ನಗರ ಬೇಡ ಅನ್ನುವುದಷ್ಟೇ ನಮ್ಮ ಮಾತಾಗಲಾರದು. ಕೇರಿಯನ್ನು ಅಳಿಸಿ ಕಟ್ಟುವ ನಗರದಲ್ಲಿ ಕೇರಿಯವನ ಮನೆ ಎಲ್ಲಿ? ಇದು ನಮ್ಮ ಮಾತು.

ಈ ಪ್ರಶ್ನೆಗೆ ಉತ್ತರ ಇರೋದು ಕಾಗದದಲ್ಲಿ. ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೆರಡನೆಯದರಲ್ಲಿ ಉಳುವವನ ಹೆಸರು. ನಮ್ಮ ಜನ ಈ ಕಾಗದದ ಮುಂದೆ ನಾಲ್ಕು ರೀತಿಯಲ್ಲಿ ನಿಂತಿದ್ದಾರೆ.

ಒಂದು, ತೋಟಿ, ನೀರಗಂಟಿ ಚಾಕರಿಗೆ ಬಂದ ಇನಾಮು ಭೂಮಿಯವರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಪ್ರಕಾರ ಅದು ಅವರಿಗೇ ಮರುಮಂಜೂರಾಗಬೇಕು. ಅಜ್ಜನ ಹೆಸರಲ್ಲೇ ಖಾತೆ ನಿಂತಿದ್ದರೆ ಮೊಮ್ಮಗ ಪರಿಹಾರದ ಕಚೇರಿಯ ಹೊರಗೇ ನಿಲ್ಲಬೇಕು.

ಎರಡು, ದರಖಾಸ್ತಿನಲ್ಲಿ ಭೂಮಿ ಮಂಜೂರಾದವರು. ಮದುವೆಗೋ ಆಸ್ಪತ್ರೆಗೋ ಅಂತ ಅದನ್ನು ಮೂರು ಕಾಸಿಗೆ ಬರೆದುಕೊಟ್ಟವರು ಎಷ್ಟೋ ಮಂದಿ. ಅದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಬಂತು. ಸರ್ಕಾರದ ಅನುಮತಿ ಇಲ್ಲದೆ ಅಂಥ ಭೂಮಿ ಮಾರಿದರೆ ಆ ಮಾರಾಟ ನಿಲ್ಲೋದಿಲ್ಲ. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ತಳ್ಳಿದ್ದಕ್ಕೆ, 2023ರ ತಿದ್ದುಪಡಿಯಲ್ಲಿ ಕಾಲಮಿತಿಯೇ ಇಲ್ಲ ಅಂತ ಸೇರಿಸಬೇಕಾಯ್ತು.

ಮೂರು, ಬಗರ್‌ಹುಕುಂ ಸಾಗುವಳಿದಾರರು. ನಮೂನೆ 50, 53, 57 ಅಂತ ಅರ್ಜಿ ಹಾಕಿ ಹಾಕಿ ಮುದುಕರಾದವರು. ಉತ್ತವನು ಅವನು, ಪಹಣಿಯಲ್ಲಿ 'ಸರ್ಕಾರ'. ಸರ್ಕಾರದ ಭೂಮಿ ಸರ್ಕಾರವೇ ತಗೊಂಡರೆ ಪರಿಹಾರ ಯಾರಿಗೆ ಕೊಡ್ತಾರೆ? ಗೋಮಾಳದ ಕತೆಯೂ ಇದೇ. ತುಂಡು ಭೂಮಿ ಇಲ್ಲದವಳು ಒಂದು ಹಸು ಮೇಯಿಸಿ ಡೈರಿಗೆ ಹಾಲು ಹಾಕ್ತಿದ್ದದ್ದು ಆ ಗೋಮಾಳದಿಂದ.

ನಾಲ್ಕನೆಯವರಿಗೆ ಯಾವ ಕಾಲಮ್ಮೂ ಇಲ್ಲ. ಬರೀ ಕೂಲಿ.

ಹೋರಾಡಿದರೆ ಏನು ಸಿಗುತ್ತೆ ಅನ್ನೋದಕ್ಕೆ ನವಿ ಮುಂಬಯಿ ನೋಡಿ. ಅದೂ ಮಹಾರಾಷ್ಟ್ರದ ರಾಜಧಾನಿಯ ಪಕ್ಕದಲ್ಲಿ ಕಟ್ಟಿದ ನಗರವೇ. 1970ರಲ್ಲಿ ಸಿಡ್ಕೋ ಹುಟ್ಟಿತು, 95 ಹಳ್ಳಿಗಳ ಭೂಮಿಗೆ ಕೈ ಹಾಕಿತು. ಡಿ. ಬಿ. ಪಾಟೀಲರ ನಾಯಕತ್ವದಲ್ಲಿ ಜನ ಎದ್ದರು. 1984ರ ಜನವರಿಯಲ್ಲಿ ಉರಣ್ ಕಡೆ ಪೊಲೀಸರು ಗುಂಡು ಹಾರಿಸಿದರು, ಐದು ಜನ ಸತ್ತರು. ಆ ರಕ್ತದ ಮೇಲೆ ಬಂದ ನಿಯಮ: ಕಳೆದುಕೊಂಡ ಭೂಮಿಯ ಶೇಕಡ 12.5ರಷ್ಟು ಅಭಿವೃದ್ಧಿಯಾದ ಜಾಗ ವಾಪಸ್ಸು. ಅಂದರೆ ಎಂಟನೇ ಒಂದು ಪಾಲು. ಬಿಡದಿಯಲ್ಲೂ ಹಣ ಬೇಡ ಅಂದವರಿಗೆ ಜಾಗದಲ್ಲಿ ಪಾಲು ಅಂದಿದ್ದಾರೆ.

ಗೆಲುವು ದೊಡ್ಡದು. ಆದರೆ ನೀವು ಲೆಕ್ಕ ಓದಿದವರು, ಹೇಳಿ: ಎಂಟು ಎಕರೆಯ ಎಂಟನೇ ಒಂದು ಪಾಲು ಒಂದು ಎಕರೆ. ಸೊನ್ನೆಯ ಎಂಟನೇ ಒಂದು ಪಾಲು ಎಷ್ಟು? ಪಾಲನ್ನು ಅರ್ಧಕ್ಕೆ ಏರಿಸಿ, ಮುಕ್ಕಾಲಿಗೆ ಏರಿಸಿ. ಸೊನ್ನೆ ಸೊನ್ನೆಯೇ.

ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ಎಕರೆಯಿಂದಲ್ಲ, ಮನುಷ್ಯನಿಂದ. ಇದು ನಮ್ಮ ಕಲ್ಪನೆಯ ಬೇಡಿಕೆಯಲ್ಲ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ, ಭೂಮಿ ಇಲ್ಲದಿದ್ದರೂ ಮೂರು ವರ್ಷದಿಂದ ಅಲ್ಲೇ ದುಡಿದು ಅದರಿಂದಲೇ ಬದುಕುತ್ತಿದ್ದ ಕೂಲಿಯವನನ್ನು, ಗೇಣಿದಾರನನ್ನು 'ಬಾಧಿತ ಕುಟುಂಬ' ಅಂತ ಕರೆದಿದೆ. ಅಂಥವರ ಸಮೀಕ್ಷೆ ಆಗಬೇಕು, ಪುನರ್ವಸತಿ ಆಗಬೇಕು ಅಂತ ಹೇಳಿದೆ. ಬಿಡದಿಯ ನೋಟೀಸು ಹೊರಟದ್ದು ರಾಜ್ಯದ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಹೆಸರಲ್ಲಿ. ಯಾವ ಕಾಯ್ದೆಯ ಬಾಗಿಲಿಂದ ಬಂದರೂ ಸರಿ, 2013ರ ಪಟ್ಟಿಯಲ್ಲಿ ಕೂಲಿಯವನಿಗೆ ಇರೋದು ಪೂರ್ತಿ ಸಿಗಬೇಕು. ಮನೆ ಆ ನಗರದೊಳಗೇ ಕೊಡಬೇಕು, ಅದರ ಚರಂಡಿಯ ಆಚೆಗಲ್ಲ.

ಯಾಕೆ ಅಂದರೆ ನಮ್ಮನ್ನು ಆ ನಗರಕ್ಕೆ ಕರೆಯೋದು ಖಂಡಿತ. ಕಸ ಎತ್ತೋಕೆ ಕರೀತಾರೆ, ಮ್ಯಾನ್‌ಹೋಲಿಗೆ ಇಳಿಸೋಕೆ ಕರೀತಾರೆ. ಅಪ್ಪನ ಕೂಲಿ ಕಿತ್ತುಕೊಂಡು ಮಗನ ಕೈಗೆ ಪೊರಕೆ ಕೊಟ್ಟು 'ಉದ್ಯೋಗ ಸೃಷ್ಟಿ' ಅಂತ ಬರ್ಕೊಂತಾರೆ. ಆ ಉದ್ಯೋಗ ನಮಗೆ ಸಾವಿರ ವರ್ಷದ ಹಿಂದೆಯೇ ಸೃಷ್ಟಿಯಾಗಿತ್ತು.

ಈಗ ನಿಮ್ಮ ಕೆಲಸ. ರಜಕ್ಕೆ ಊರಿಗೆ ಹೋದಾಗ ಬರೀ ಹಬ್ಬ ಉಣ್ಣಬೇಡಿ. ಟ್ರಂಕಿನಲ್ಲಿ, ಮಡಕೆಯಲ್ಲಿ, ಸೂರಿನ ಸಂದಿಯಲ್ಲಿ ಸಿಕ್ಕಿಸಿದ ಸಾಗುವಳಿ ಚೀಟಿ, ಕಂದಾಯದ ರಸೀತಿ ಹುಡುಕಿ ಪ್ರತಿ ಮಾಡಿಸಿ. ಸತ್ತವರ ಹೆಸರಲ್ಲಿ ಖಾತೆ ಇದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿಸಿ. ದಲ್ಲಾಳಿ ಕಾರಲ್ಲಿ ಬಂದು ಮುಂಗಡ ಅಂದರೆ, ಜಿಪಿಎ ಅಂದರೆ, ಅಪ್ಪ ಅವ್ವನ ಹೆಬ್ಬೆಟ್ಟು ಒತ್ತಿಸಬೇಡಿ. ನೋಟೀಸು ಬಂದರೆ ಆಕ್ಷೇಪಣೆಗೆ ಕೊನೆ ದಿನ ಯಾವುದು ನೋಡಿ ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಭೂಮಿ ಇಲ್ಲದ ಮನೆಗಳ ಪಟ್ಟಿಯನ್ನು ನೀವೇ ಬರೆಯಿರಿ: ಮನೆಯ ಯಜಮಾನಿ ಯಾರು, ಯಾರ ಹೊಲದಲ್ಲಿ ಎಷ್ಟು ವರ್ಷದ ಕೂಲಿ, ಹಸು ಎಷ್ಟು.

ಇದು ಬಿಡದಿಗೆ ಮಾತ್ರವಲ್ಲ. ಇವತ್ತು ಮೈಸೂರು ರಸ್ತೆ, ನಾಳೆ ನಿಮ್ಮೂರ ರಸ್ತೆ. ಅಧಿಕಾರಿ ಪಟ್ಟಿ ಹಿಡಿದು ಬರುವ ಮೊದಲು ನಮ್ಮ ಪಟ್ಟಿ ತಯಾರಿರಬೇಕು. ಓದು ಬರಹ ಕಲಿತ ನಮ್ಮ ಮೇಲೆ ಕೇರಿಗೆ ಇರುವ ಸಾಲ ಇದು.

ಜೈ ಭೀಮ್.